ಕತ್ತರಿಗೆ ಮೊದಲು ನೀರು



ಕಾಲೇಜಿನಲ್ಲಿ ಪಾಠ ಹೇಳುವವನೊಬ್ಬನು ಕಿಟಕಿಯ ಪರದೆಯನ್ನು ಕುರಿತು ಮಾತನಾಡಲು ಬಂದಿರುವನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ನನ್ನ ಮನೆಯಲ್ಲಿಯೂ ಈ ವಿಷಯವನ್ನು ಕೇಳಿ ನಕ್ಕರು. ಆದರೆ ಆ ನಗುವಿಗೆ ಬೇರೆ ಕಾರಣವಿದ್ದಿತು. ಅದನ್ನು ಮೊದಲು ಒಪ್ಪಿಕೊಂಡುಬಿಡುವುದು ಲೇಸು.

ಕೆಲವು ವರ್ಷಗಳ ಹಿಂದೆ ನಾವು ಹೊಸ ಮನೆಗೆ ಬಂದಾಗ, ನಡುಮನೆಯ ಕಿಟಕಿಗಳಿಗೆಂದು ಕೈಮಗ್ಗದ ದಪ್ಪನಾದ ಹತ್ತಿಬಟ್ಟೆಯನ್ನು ಕೊಂಡೆವು. ಅದು ನಮ್ಮ ಮಟ್ಟಿಗೆ ಸಣ್ಣ ಖರ್ಚಲ್ಲ. ನನ್ನ ಪತ್ನಿ ಅದಕ್ಕಾಗಿ ತಿಂಗಳುಗಟ್ಟಲೆ ಉಳಿಸಿದ್ದಳು. ನನ್ನ ತಾಯಿಯವರು, "ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ದರ್ಜಿಗೆ ಕೊಡಪ್ಪ" ಎಂದರು. ಹೊಸ ಬಟ್ಟೆಯ ಹೊಳಪನ್ನು ನಾವೇ ಕೈಯಾರೆ ಕಳೆಯುವುದೇಕೆಂದು ನಾನು ವಾದಿಸಿದೆನು. ಅವರು ಸುಮ್ಮನಾದರು. ಪರದೆಗಳು ನೆಲ ಮುಟ್ಟುವಂತೆ ಬಲು ಚೆನ್ನಾಗಿ ತೂಗಿದವು. ಆರು ತಿಂಗಳ ಮೇಲೆ ಮೊದಲ ಸಲ ಒಗೆಸಿ ಕಟ್ಟಿದಾಗ, ನೆಲಕ್ಕೂ ಪರದೆಗೂ ನಡುವೆ ಐದಾರು ಬೆರಳಿನಷ್ಟು ಅಂತರ ಬಿದ್ದಿದ್ದಿತು. ಒಳಗಿನ ಅಸ್ತರು ಮಾತ್ರ ಕುಗ್ಗದೆ ಒಳಲಂಗದಂತೆ ಕೆಳಗೆ ಇಣುಕುತ್ತಿದ್ದಿತು. ತಾಯಿಯವರು ಆಗಲೂ ಏನನ್ನೂ ಹೇಳಲಿಲ್ಲ. ಅದೇ ನನಗೆ ಹೆಚ್ಚಾಗಿ ನಾಟಿತು.

ಹೀಗಾಗಲು ಕಾರಣವೇನು? ಬಟ್ಟೆಯಲ್ಲಿ ಉದ್ದಕ್ಕೆ ಹರಿಯುವ ಎಳೆ ಹಾಸು, ಅಡ್ಡಕ್ಕೆ ಹಾಯುವ ಎಳೆ ಹೊಕ್ಕು. ನೇಯುವಾಗ ಹಾಸನ್ನು ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಎಳೆ ಹರಿಯದಿರಲೆಂದು ಅದಕ್ಕೆ ಗಂಜಿಯನ್ನೂ ಹಾಕಿರುತ್ತಾರೆ. ಮಗ್ಗದಿಂದ ಇಳಿದ ಮೇಲೂ ಆ ಎಳೆತ ಬಟ್ಟೆಯೊಳಗೆ ಅಡಗಿಯೇ ಇರುತ್ತದೆ. ಬಟ್ಟೆ ನೀರನ್ನು ಕಂಡೊಡನೆ ಗಂಜಿ ಬಿಡುತ್ತದೆ, ಹತ್ತಿಯ ಎಳೆ ನೀರನ್ನು ಕುಡಿದು ಉಬ್ಬುತ್ತದೆ. ಉಬ್ಬಿದ ಹೊಕ್ಕಿನ ಮೇಲೆ ಕೆಳಗೆ ಸುತ್ತಿ ಹೋಗಬೇಕಾದ ಹಾಸಿಗೆ ಹಾದಿ ದೂರವಾಗುತ್ತದೆ. ಎಳೆ ಇದ್ದಷ್ಟೇ ಇರುವುದರಿಂದ ಬಟ್ಟೆಯ ಉದ್ದ ಕಡಮೆಯಾಗುತ್ತದೆ. ಕುಗ್ಗುವುದೆಂದರೆ ಬಟ್ಟೆ ಕೆಡುವುದಲ್ಲ, ಬಿಗಿಯಿಂದ ಬಿಡುಗಡೆಯಾಗಿ ತನ್ನ ಸಹಜಸ್ಥಿತಿಗೆ ಮರಳುವುದು. ಉದ್ದದಲ್ಲಿ ಹೆಚ್ಚಾಗಿಯೂ ಅಗಲದಲ್ಲಿ ಕಡಮೆಯಾಗಿಯೂ ಅದು ಕುಗ್ಗುವುದು ಸಾಮಾನ್ಯವಾಗಿ ಇದರಿಂದಲೇ. ನೂರಕ್ಕೆ ಐದರಂತೆ ಕುಗ್ಗಿದರೂ 210 ಸೆಂಟಿಮೀಟರಿನ ಪರದೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಮೇಲೇರಿ ನಿಲ್ಲುತ್ತದೆ.

ಹಾಗಾದರೆ ಎಲ್ಲ ಬಟ್ಟೆಯನ್ನೂ ನೀರಿಗೆ ಹಾಕಬೇಕೆ? ನನ್ನ ಪತ್ನಿ ಪರದೆಯ ಪಾಠವನ್ನು ಕಲಿತು, ಕುರ್ಚಿಯ ಹೊದಿಕೆಗೆಂದು ತಂದ ಮೆರುಗಿನ ಚೀಟಿಬಟ್ಟೆಯನ್ನೂ ನೆನೆಸಿಬಿಟ್ಟಳು. ಮೆರುಗೆಲ್ಲ ನೀರಿನೊಡನೆ ಹೋಯಿತು. ಹೂವಿನ ಚಿತ್ರ ಮಂಕಾಗಿ ಉಳಿಯಿತು. ಆಗ ನಾನೂ ಏನನ್ನೂ ಹೇಳಲಿಲ್ಲವೆಂಬುದನ್ನು ನಿಮ್ಮ ಗಮನಕ್ಕೆ ತರುತ್ತೇನೆ.

ಈ ಎರಡು ತಪ್ಪುಗಳಿಂದ ನಾವು ಕಲಿತದ್ದು ಒಂದೇ ಸೂತ್ರ: ಸಿದ್ಧವಾದ ವಸ್ತುವನ್ನು ಮುಂದೆ ಹೇಗೆ ಶುಚಿಮಾಡುವಿರೋ, ಆ ಸಂಸ್ಕಾರವನ್ನು ಕತ್ತರಿಗೆ ಮೊದಲೇ ಬಟ್ಟೆಗೆ ಒಮ್ಮೆ ಮಾಡಿಸಿ. ಮನೆಯಲ್ಲಿ ಒಗೆಯುವ ಪರದೆ, ದಿಂಬಿನ ಗವಸು, ಮೇಜಿನ ಹೊದಿಕೆ ಇವುಗಳ ಬಟ್ಟೆಯನ್ನು ಮೊದಲು ಒಗೆಯತಕ್ಕದ್ದು. ಅಸ್ತರನ್ನೂ ಬೇರೆಯಾಗಿ ಒಗೆಯಬೇಕು; ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಹೊಲಿಗೆಯುದ್ದಕ್ಕೂ ಸುಕ್ಕು ಬೀಳುತ್ತದೆ. ಮೊಳೆ ಹೊಡೆದು ಕುರ್ಚಿಗೆ ಬಿಗಿಯುವ ಬಟ್ಟೆ, ರೇಷ್ಮೆ, ಮಕಮಲ್ಲು, ಹಿಂಬದಿಯಲ್ಲಿ ಲೇಪವಿರುವ ಬಟ್ಟೆ, ಮೆರುಗಿನ ಚೀಟಿ ಇವುಗಳನ್ನು ನೀರಿಲ್ಲದೆ ಶುಚಿಮಾಡಿಸುವುದಾದರೆ ಅವುಗಳಿಗೆ ಮೊದಲ ನೀರೂ ಬೇಡ. ಪಾಲಿಯೆಸ್ಟರ್ ಎಳೆ ನೀರನ್ನು ಹೀರುವುದು ಬಹಳ ಕಡಮೆಯಾದುದರಿಂದ ಅದು ಹತ್ತಿಯಂತೆ ಕುಗ್ಗದು. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬುವರು 1930ರ ಸುಮಾರಿಗೆ, ಬಟ್ಟೆಯನ್ನು ಯಂತ್ರದಲ್ಲಿಯೇ ಒತ್ತಿ ಮುಂಚಿತವಾಗಿ ಕುಗ್ಗಿಸುವ ಕ್ರಮವನ್ನು ಕಂಡುಹಿಡಿದರು. 'ಸ್ಯಾನ್‌ಫರೈಸ್ಡ್' ಎಂಬ ಮುದ್ರೆಯುಳ್ಳ ಬಟ್ಟೆ ಆಮೇಲೆ ನೂರಕ್ಕೆ ಒಂದರಷ್ಟಕ್ಕಿಂತ ಹೆಚ್ಚು ಕುಗ್ಗಕೂಡದೆಂಬುದು ಅದರ ನಿಯಮ.

ಸಂದೇಹ ಬಂದಲ್ಲಿ ಒಂದು ತುಂಡನ್ನು ಪರೀಕ್ಷಿಸಿರಿ. ಬಟ್ಟೆಯ ಮೂಲೆಯಲ್ಲಿ 20 ಸೆಂಟಿಮೀಟರಿನ ಚೌಕವೊಂದನ್ನು ಬಣ್ಣದ ದಾರದಿಂದ ಗುರುತುಮಾಡಿ, ಸುತ್ತಲೂ ಸ್ವಲ್ಪ ಬಿಟ್ಟು ಕತ್ತರಿಸಿ, ಒಗೆದು, ಒಣಗಿಸಿ, ಅಳೆಯಿರಿ. ಉದ್ದ 19 ಆಗಿದ್ದರೆ ನೂರಕ್ಕೆ ಐದು ಕುಗ್ಗಿತೆಂದು ಅರ್ಥ. ಆಗ 240 ಸೆಂಟಿಮೀಟರು ಬೇಕಾದಲ್ಲಿ 253 ಕೊಳ್ಳಬೇಕು. ಒದ್ದೆಯಾದ ತುಂಡನ್ನು ಬಿಳಿಯ ಅರಿವೆಯಿಂದ ಒತ್ತಿದರೆ ಬಣ್ಣದ ಗುಣವೂ ತಿಳಿಯುತ್ತದೆ. ಕಡುಗೆಂಪು, ಕಡುನೀಲಿ ಬಟ್ಟೆಗಳನ್ನು ಬೇರೆಯಾಗಿಯೇ ನೆನೆಸಬೇಕು. ನೀರಿಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುವುದೆಂದು ನನ್ನ ತಾಯಿಯವರು ನಂಬಿದ್ದರು. ಬಣ್ಣ ಹಾಕುವ ಕಡಾಯಿಯಲ್ಲಿ ಉಪ್ಪಿಗೆ ಕೆಲಸವುಂಟು, ಆದರೆ ಅಂಗಡಿಯಿಂದ ತಂದ ಬಟ್ಟೆಯಲ್ಲಿ ಬಿಡುವ ಬಣ್ಣವನ್ನು ಅದು ಕಟ್ಟಿಹಾಕಲಾರದು.

ಒಗೆಯುವ ಮೊದಲು ಕತ್ತರಿಸಿದ ಅಂಚಿಗೆ ಉದ್ದುದ್ದನೆಯ ಹೊಲಿಗೆ ಹಾಕಿ, ಎಳೆ ಬಿಚ್ಚದಂತೆ ಮಾಡಿರಿ. ಹಿಂಡಿ ತಿರುಚಬೇಡಿರಿ. ಸ್ವಲ್ಪ ಹಸಿಯಿರುವಾಗಲೇ ಹಾಸಿನ ದಿಕ್ಕಿನಲ್ಲಿ ಇಸ್ತ್ರಿ ಮಾಡಿರಿ. ಆದರೆ ಎಳೆದು ಹಿಗ್ಗಿಸಬೇಡಿರಿ, ಹಿಗ್ಗಿಸಿದ್ದು ಮತ್ತೆ ಕುಗ್ಗುತ್ತದೆ. ದಪ್ಪ ಹತ್ತಿಬಟ್ಟೆಗೆ ಒಂದು ನೀರು ಸಾಲದು; ಎರಡು ಸಲ ಒಗೆದರೆ ಒಳ್ಳೆಯದು.

ನಮ್ಮ ನಡುಮನೆಯ ಪರದೆಗಳು ಈಗಲೂ ಇವೆ. ತಾಯಿಯವರೇ ಅವುಗಳ ಕೆಳಗೆ ಬೇರೆ ಬಣ್ಣದ ಪಟ್ಟಿಯೊಂದನ್ನು ಕೊಟ್ಟು ಹೊಲಿದುಕೊಟ್ಟರು. ಆ ಪಟ್ಟಿಯ ಬಟ್ಟೆಯನ್ನು ಮಾತ್ರ ಮೊದಲು ಒಂದು ರಾತ್ರಿ ನೆನೆಹಾಕಿದ್ದರು. ಮನೆಗೆ ಬಂದವರು ಅದನ್ನು ಅಲಂಕಾರವೆಂದೇ ಮೆಚ್ಚುತ್ತಾರೆ. ಅವರಿಗೆ ನಿಜವನ್ನು ಹೇಳುವ ಧೈರ್ಯ ನನಗೆ ಇದುವರೆಗೆ ಇರಲಿಲ್ಲ. ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದಾಯಿತು.