ತಾಯಿಯಿಂದ ಬಂದ ಪ್ರತಿಕಾಯಗಳು

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಕೂಸಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ ಲಸಿಕೆಯನ್ನು ಹಾಕಿಸುತ್ತಾರೆ. ಹುಟ್ಟಿದ ದಿನವೇ ಏಕೆ ಹಾಕುವುದಿಲ್ಲ? ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಕೂಸಿನ ಮೈಯಲ್ಲಿ ಉಳಿದಿರುತ್ತವೆ. ಅವು ಇರುವವರೆಗೆ ಲಸಿಕೆಯು ಚೆನ್ನಾಗಿ ಫಲಿಸದು.

ಪ್ರತಿಕಾಯಗಳೆಂದರೆ ರೋಗಾಣುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು. ಅವುಗಳಲ್ಲಿ ಐಜಿಜಿ ಎಂಬ ವರ್ಗವನ್ನು ಮಾಸು ಗರ್ಭಸ್ಥ ಶಿಶುವಿಗೆ ದಾಟಿಸುತ್ತದೆ. ಆದರೆ ಮಿತ್ರ ಯಾರು, ಶತ್ರು ಯಾರು ಎಂಬ ವಿವೇಚನೆ ಮಾಸಿಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯು ಗಂಗಾವತಿಯ ಗದ್ದೆಗೆ ನೀರಿನೊಡನೆ ಕಳೆಯ ಬೀಜವನ್ನೂ ತಂದುಬಿಡುವಂತೆಯೇ ಇದು. ಕೆಲವರ ಶರೀರವು ತನ್ನ ಜೀವಕೋಶಗಳನ್ನೇ ಪರಕೀಯವೆಂದು ಭ್ರಮಿಸಿ ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಇವೇ ಸ್ವಪ್ರತಿಕಾಯಗಳು. ಇವೂ ಅದೇ ದಾರಿಯಿಂದ ಶಿಶುವನ್ನು ಸೇರುತ್ತವೆ.

ಥೈರಾಯ್ಡ್ ಗ್ರಂಥಿಯನ್ನು ಕೆರಳಿಸುವ ಸ್ವಪ್ರತಿಕಾಯಗಳಿದ್ದರೆ ಕೂಸಿನ ಎದೆಬಡಿತ ತೀವ್ರವಾಗಿ, ತೂಕ ಏರದು. ಸ್ನಾಯುಗಳನ್ನು ದುರ್ಬಲಗೊಳಿಸುವಂಥವಿದ್ದರೆ ಕೂಸು ಮೊಲೆಯುಣ್ಣಲಾರದು. ತಾಯಿಯ ಪ್ರತಿಕಾಯಗಳು ಕರಗಿದಂತೆ ಈ ತೊಂದರೆಗಳು ವಾರಗಳಲ್ಲೋ ತಿಂಗಳುಗಳಲ್ಲೋ ಶಮನವಾಗುತ್ತವೆ.

ಹೃದಯದ ಮಾತು ಹಾಗಲ್ಲ. ಲೂಪಸ್ ರೋಗಿಗಳಲ್ಲಿಯೂ ಇತರ ಕೆಲವರಲ್ಲಿಯೂ ಕಾಣುವ 'ರೋ' ವಿರೋಧಿ ಪ್ರತಿಕಾಯಗಳು, ಬಸಿರಿನ 18ರಿಂದ 24ನೆಯ ವಾರದ ಸುಮಾರಿಗೆ, ಶಿಶುವಿನ ಎದೆಬಡಿತದ ಸಂಜ್ಞೆಯನ್ನು ಸಾಗಿಸುವ ತಂತುಗಳನ್ನು ಗಾಯಗೊಳಿಸಬಲ್ಲವು. ನಿಮಿಷಕ್ಕೆ 110ರಿಂದ 160 ಸಲ ಬಡಿಯಬೇಕಾದ ಹೃದಯವು 50–70ಕ್ಕೆ ಇಳಿಯುತ್ತದೆ. ಪ್ರತಿಕಾಯಗಳು ಮಾಯವಾದರೂ ಆ ಗಾಯದ ಕಲೆ ಮಾಯದು. ಇಂಥ ಮಕ್ಕಳಲ್ಲಿ ಬಹುಮಂದಿಗೆ ಪೇಸ್‌ಮೇಕರ್ ಅಳವಡಿಸಬೇಕಾಗುತ್ತದೆ, ಕೆಲವರು ಉಳಿಯುವುದೇ ಇಲ್ಲ. ಈ ಸಂಬಂಧವು 1983ರ ಸುಮಾರಿಗೆ ಸ್ಪಷ್ಟವಾಯಿತು. ಇದು ಅಪರೂಪದ ರೋಗ: ಈ ಪ್ರತಿಕಾಯಗಳುಳ್ಳ ನೂರು ಬಸಿರುಗಳಲ್ಲಿ ಸುಮಾರು ಎರಡರಲ್ಲಿ ಮಾತ್ರ ಹೀಗಾಗುತ್ತದೆ. ಆದರೆ ಒಮ್ಮೆ ಆದ ಮನೆಯಲ್ಲಿ ಮುಂದಿನ ಬಸಿರಿಗೆ ಅಪಾಯವು ನೂರಕ್ಕೆ ಹದಿನಾರರಿಂದ ಇಪ್ಪತ್ತಕ್ಕೆ ಏರುತ್ತದೆ.

ತಾಯಿಯೇ ಎಷ್ಟೋ ಸಲ ಪೂರ್ಣ ಆರೋಗ್ಯವಂತಳಾಗಿರುತ್ತಾಳೆ. ತನ್ನ ರಕ್ತದಲ್ಲಿ ಇಂಥದೊಂದು ಇದೆಯೆಂದು ಅವಳಿಗೆ ಮೊದಲು ತಿಳಿಯುವುದು ಕೂಸಿನ ಕಾಯಿಲೆಯಿಂದಲೇ. ಅಷ್ಟರಲ್ಲಿ ಮನೆಯ ಹಿರಿಯರು ಗ್ರಹಣದ ದಿನ ಹೊರಗೆ ಬಂದಳೆಂದೋ, ತಿನ್ನಬಾರದ್ದನ್ನು ತಿಂದಳೆಂದೋ ಅವಳನ್ನು ದೂರಿರುತ್ತಾರೆ. ಗ್ರಹಣಕ್ಕೂ ಐಜಿಜಿಗೂ ಯಾವ ನಂಟೂ ಇಲ್ಲ.

ಹಿಂದೊಮ್ಮೆ ಇಂಥ ಕೂಸನ್ನು ಹೆತ್ತವಳು ಮತ್ತೆ ಬಸಿರಾಗುವ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಮಲೇರಿಯಾಕ್ಕೆಂದು ಬಂದ ಹಳೆಯ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಈ ಮರುಕಳಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು ಕಂಡುಬಂದಿದೆ. ಹದಿನಾರನೆಯ ವಾರದಿಂದ ಶಿಶುವಿನ ಹೃದಯದ ಸ್ಕ್ಯಾನ್ ಪದೇ ಪದೇ ಆಗಬೇಕು. ಉಳಿದ ಬಸುರಿಯರ ವಿಷಯದಲ್ಲಿ ಆರೋಗ್ಯ ಕೇಂದ್ರದ ನರ್ಸ್ ಹೊಟ್ಟೆಯ ಮೇಲೆ ಉಪಕರಣವನ್ನಿಟ್ಟು ಎಣಿಸಿ ತಾಯಿ ಕಾರ್ಡಿನಲ್ಲಿ ಬರೆಯುವ ಎದೆಬಡಿತದ ಅಂಕಿಯೇ ಈ ರೋಗದ ಮೊದಲ ಸುಳಿವಾಗಬಹುದು.