ಷೇರುವಾರ್ತೆಯ ತೂಕ

ಕೊಪ್ಪಳದ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ, ಅದಿರನ್ನು ಕರಗಿಸಿ ಬೀಡುಕಬ್ಬಿಣವನ್ನಾಗಿಸುವ ಊದುಕುಲುಮೆಯು ಅಕಸ್ಮಾತ್ತಾಗಿ ನಿಂತಿತೆಂದರೆ, ಆ ವಾರ್ತೆಯು ಮುಂಬಯಿಯ ಷೇರುಪೇಟೆಯನ್ನು ಮುಟ್ಟಿ, ಅಲ್ಲಿಂದ ಗಂಗಾವತಿಯ ಅಕ್ಕಿ ವರ್ತಕನೊಬ್ಬನ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸದ್ದುಮಾಡಬಲ್ಲದು. ಅದೇ ದಿನ ಅದೇ ಪೇಟೆಗೆ ಬಂದ ನೂರಾರು ಪ್ರಕಟಣೆಗಳಲ್ಲಿ ಇದೊಂದೇ ಅವನನ್ನು ಏಕೆ ಕರೆಯಿತು, ಮಿಕ್ಕವು ಏಕೆ ಸುಮ್ಮನಿದ್ದುವು ಎಂಬುದನ್ನು ಗಣಕಯಂತ್ರವು ಕೊಟ್ಟ ಒಂದು ಅಂಕವು ನಿರ್ಣಯಿಸಿರುತ್ತದೆ. ಆ ಅಂಕದ ಹುಟ್ಟನ್ನು, ಷೇರಿನಲ್ಲಿ ಹಣ ತೊಡಗಿಸುವ ಪ್ರತಿಯೊಬ್ಬನೂ ತಿಳಿದಿರತಕ್ಕದ್ದೆಂದು ನನ್ನ ದೃಢವಾದ ಭಾವನೆ.

ಸುದ್ದಿಯು ಯಾರದೆಂದು ಗುರುತಿಸುವುದು ಯಂತ್ರದ ಮೊದಲ ಕೆಲಸ. ಕಿರ್ಲೋಸ್ಕರ್ ಎಂಬ ಹೆಸರಿನಲ್ಲಿ ಬ್ರದರ್ಸ್, ಆಯಿಲ್ ಎಂಜಿನ್ಸ್, ನ್ಯುಮ್ಯಾಟಿಕ್, ಎಲೆಕ್ಟ್ರಿಕ್ ಮೊದಲಾದ ಬೇರೆ ಬೇರೆ ಕಂಪನಿಗಳು ಪೇಟೆಯಲ್ಲಿರುವುದರಿಂದ, ಒಂದರ ವಿಚಾರವು ಇನ್ನೊಂದಕ್ಕೆ ಅಂಟದಂತೆ ಸುತ್ತಲಿನ ಪದಗಳನ್ನು ಪರಿಶೀಲಿಸಿ, ಸಂಬಂಧದ ಪ್ರಮಾಣವನ್ನು ಸೊನ್ನೆಯಿಂದ ಒಂದರೊಳಗಿನ ಸಂಖ್ಯೆಯಾಗಿ ಬರೆಯಬೇಕಾಗುತ್ತದೆ. ಆಮೇಲೆ ಘಟನೆಯ ಸ್ವರೂಪ. ಉದಾಹರಣೆಗೆ, ಒಳಗಿನ ಮಾಹಿತಿಯುಳ್ಳ ಕಂಪನಿಯವರು, ಫಲಿತಾಂಶವು ಹೊರಬಿದ್ದು 48 ಗಂಟೆ ಕಳೆಯುವವರೆಗೆ ಅದರ ಷೇರನ್ನು ಕೊಳ್ಳಲೂ ಮಾರಲೂ ಕೂಡದೆಂಬ ಕಾರಣದಿಂದ, ಪ್ರತಿ ತ್ರೈಮಾಸಿಕದ ಕೊನೆಗೂ ಕಂಪನಿಯು ‘ಟ್ರೇಡಿಂಗ್ ವಿಂಡೋ’ ಮುಚ್ಚಿದುದಾಗಿ ಪ್ರಕಟಿಸುತ್ತದೆ. ‘ಮುಚ್ಚಿದೆ’ ಎಂಬ ಮಾತನ್ನಷ್ಟೇ ಕಂಡ ಅಪಕ್ವ ಯಂತ್ರವು ಕಾರ್ಖಾನೆಯೇ ಮುಚ್ಚಿತೆಂದು ಕೂಗೀತು. ಸಾಮಾನ್ಯ ಪದಪಟ್ಟಿಯು ಅಶುಭವೆಂದೆಣಿಸುವ ಪದಗಳಲ್ಲಿ ಸುಮಾರು ಮುಕ್ಕಾಲು ಪಾಲು, ಹಣಕಾಸಿನ ವರದಿಗಳಲ್ಲಿ ಅಶುಭವೇ ಅಲ್ಲವೆಂದು ಲಫ್ರನ್ ಮತ್ತು ಮೆಕ್‌ಡೊನಾಲ್ಡ್ ಎಂಬ ಅಮೆರಿಕದ ವಿದ್ವಾಂಸರು 2011ರಲ್ಲಿ ತೋರಿಸಿಕೊಟ್ಟರು. ಗಣಿಯನ್ನು ಸೂಚಿಸುವ ಇಂಗ್ಲಿಷ್ ಪದವೂ ಆ ಅಶುಭಗಳ ಸಾಲಿನಲ್ಲಿತ್ತೆಂದ ಮೇಲೆ, ಅದಿರನ್ನೇ ನಂಬಿದ ನಮ್ಮ ಸೀಮೆಯ ಕಾರ್ಖಾನೆಗಳ ಪಾಡು ಏನಾಗುತ್ತಿದ್ದಿತೆಂದು ಊಹಿಸಬಹುದು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ನೂತನತೆಯ ಅಳತೆ. ಸಂಭವವು ಕಡಿಮೆಯಾದಷ್ಟೂ ಸಂಗತಿಯು ತರುವ ಮಾಹಿತಿ ಹೆಚ್ಚು ಎಂಬ ತತ್ತ್ವವನ್ನು ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಗಣಿತಕ್ಕೆ ಇಳಿಸಿದನು: ಎರಡರಲ್ಲಿ ಒಂದು ಸಂಭವವಿದ್ದುದು ನಡೆದರೆ ದೊರೆಯುವ ಮಾಹಿತಿ 1 ಬಿಟ್, 1,024ರಲ್ಲಿ ಒಂದು ಸಂಭವವಿದ್ದುದು ನಡೆದರೆ 10 ಬಿಟ್. ಮೊದಲೇ ಗೊತ್ತುಪಡಿಸಿದ ದುರಸ್ತಿಗಾಗಿ ಕುಲುಮೆ ನಿಂತರೆ ಅಂಕ ಅಲ್ಪ. ಹಠಾತ್ತನೆ ನಿಂತರೆ ಅಧಿಕ. ಹಳೆಯದನ್ನು ಹೊಸದೆಂದು ಬಗೆದರೆ ಆಗುವ ಅನರ್ಥಕ್ಕೆ 2008ರ ಸೆಪ್ಟೆಂಬರ್ 8 ಸಾಕ್ಷಿ: ಯುನೈಟೆಡ್ ಏರ್‌ಲೈನ್ಸ್ 2002ರಲ್ಲಿ ದಿವಾಳಿಯಾದ ವರದಿಯು ದಿನಾಂಕವಿಲ್ಲದೆ ಮತ್ತೆ ಹರಿದಾಡಲು, ಅದರ ಷೇರು ಕೆಲವೇ ನಿಮಿಷಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಲೆಯನ್ನು ಕಳೆದುಕೊಂಡಿತು.

ಪರಿಣಾಮದ ಗಾತ್ರಕ್ಕೆ, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ನಮ್ಮ ಸೆಬಿಯು 2023ರಲ್ಲಿ ಒಂದು ಅಳತೆಗೋಲನ್ನೇ ಕೊಟ್ಟಿದೆ. ವಹಿವಾಟಿನ ಶೇ 2, ನಿವ್ವಳ ಸಂಪತ್ತಿನ ಶೇ 2, ಮೂರು ವರ್ಷಗಳ ಸರಾಸರಿ ಲಾಭನಷ್ಟದ ಶೇ 5, ಇವುಗಳಲ್ಲಿ ಕಡಿಮೆಯಾದುದನ್ನು ಮುಟ್ಟುವ ಘಟನೆಯನ್ನು ಕಂಪನಿಯು ಪ್ರಕಟಿಸಲೇಬೇಕು. ತನ್ನೊಳಗೇ ನಡೆದುದಾದರೆ 12 ಗಂಟೆಗಳೊಳಗೆ, ಹೊರಗಿನಿಂದ ಬಂದುದಾದರೆ 24 ಗಂಟೆಗಳೊಳಗೆ.

ಸಂಬಂಧ, ನೂತನತೆ, ಪರಿಣಾಮಗಳ ಸಂಖ್ಯೆಗಳನ್ನು ಗುಣಿಸುವ ವ್ಯವಸ್ಥೆಗಳುಂಟು. ಸಂಬಂಧ 0.9, ನೂತನತೆ 0.8, ಪರಿಣಾಮ 0.7 ಎಂದಿಟ್ಟುಕೊಂಡರೆ ಅಂಕ 0.504, ಮರುದಿನ ಅದೇ ಸುದ್ದಿ ಮರಳಿದಾಗ ನೂತನತೆ 0.1ಕ್ಕೆ ಇಳಿದು ಅಂಕ 0.063. ಓದುಗನ ಬಳಿ ಆ ಷೇರು ಎಷ್ಟಿದೆಯೆಂಬುದನ್ನೂ ಸೇರಿಸಿ, ಗಿರಣಿಯ ಜರಡಿಯಲ್ಲಿ ನುಚ್ಚು ಕೆಳಗಿಳಿಯುವಂತೆ ನಿಗದಿಯಾದ ಮಟ್ಟಕ್ಕಿಂತ ಕಡಿಮೆಯಾದುದೆಲ್ಲವನ್ನೂ ಬಿಡಲಾಗುತ್ತದೆ. ಗುಣಾಕಾರದಲ್ಲಿ ಒಂದು ಸೊನ್ನೆ ಬಿದ್ದರೆ ಉಳಿದುವುಗಳ ಹಿರಿಮೆಯೆಲ್ಲ ವ್ಯರ್ಥ. ನನ್ನನ್ನು ಕಾಡುವುದು ಈ ಸೊನ್ನೆಯೇ.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಎಡದಂಡೆ ಕಾಲುವೆಯನ್ನೇ ನೆಚ್ಚಿದ ಗಂಗಾವತಿಯ ಭತ್ತದ ರೈತನಿಗೆ ಅದಕ್ಕಿಂತ ಮಹತ್ತರವಾದ ಸುದ್ದಿ ಬೇರೊಂದಿರಲಿಲ್ಲ. ಅಂತಹ ಸುದ್ದಿಯಲ್ಲಿ ಕಂಪನಿಯ ಹೆಸರನ್ನರಸುವ ಯಂತ್ರಕ್ಕೆ ಹೆಸರು ಸಿಕ್ಕದು. ಸಂಬಂಧ ಸೊನ್ನೆ, ಅಂಕವೂ ಸೊನ್ನೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಮುಂಗಾರು ತಪ್ಪಿ ಸಜ್ಜೆ ಒಣಗಿದರೂ ಇದೇ ಕಥೆ: ಟ್ರ್ಯಾಕ್ಟರಿನ ಕಂತು ಬಾಕಿ ಬಿದ್ದು, ಆ ಬಾಕಿಯು ಸಾಲ ಕೊಟ್ಟ ಕಂಪನಿಯ ಲೆಕ್ಕದಲ್ಲಿ ಕಾಣಿಸಿಕೊಳ್ಳುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಊರುಗಳನ್ನೂ ಕಂಪನಿಗಳನ್ನೂ ಜೋಡಿಸಿದ ನಕ್ಷೆಯೊಂದು ಯಂತ್ರದೊಳಗಿದ್ದರೆ ಇದು ಬಹುಮಟ್ಟಿಗೆ ನೀಗುತ್ತದೆ: ಕೊಪ್ಪಳದ ಬಳಿಯ ಗಿಣಿಗೇರಾದಲ್ಲಿ ಮುಷ್ಕರವೆಂದು ಕನ್ನಡ ಪತ್ರಿಕೆಯೊಂದು ಬೆಳಗ್ಗೆ ಬರೆದರೆ, ಅಲ್ಲಿನ ಹೊಸಪೇಟೆ ಸ್ಟೀಲ್ಸ್‌ನಲ್ಲಿ ಸಹಭಾಗಿಗಳಾದ ಕಲ್ಯಾಣಿ ಸ್ಟೀಲ್ಸ್, ಮುಕುಂದ್ ಎರಡರ ಹೆಸರೂ 9.15ಕ್ಕೆ ಪೇಟೆ ತೆರೆಯುವ ಮೊದಲೇ ಷೇರುದಾರನ ಮುಂದಿರುತ್ತವೆ. ಅದಕ್ಕೆ ಯಂತ್ರವು ಕನ್ನಡವನ್ನು ಓದಬೇಕು. ಗಿಣಿಗೇರಾ, ಗಿಣಗೇರಿ ಎಂದು ಹೇಗೆ ಬರೆದರೂ ಊರು ಒಂದೇ ಎಂಬುದನ್ನು ಅದಕ್ಕೆ ಕಲಿಸುವವರು ಈ ಸೀಮೆಯನ್ನು ಬಲ್ಲವರಾಗಿರಬೇಕು.