ಮನೆಗೆ ಬಂದವರ ಹತ್ತಿರ ರೊಕ್ಕ ಹೆಂಗ ಕೇಳೋದು?

ವಿಜಯಪುರಕ್ಕೆ ಟ್ರಿಪ್ ಹಾಕಿದವರ ಪ್ಲ್ಯಾನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ರಾತ್ರಿ ಬೆಂಗಳೂರಲ್ಲಿ ಟ್ರೇನ್ ಅಥವಾ ಸ್ಲೀಪರ್ ಬಸ್. ಬೆಳಿಗ್ಗೆ ಗೋಲಗುಂಬಜ್, ಅಲ್ಲಿ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಕೂಗು. ಮಧ್ಯಾಹ್ನ ಇಬ್ರಾಹಿಂ ರೋಜಾ, ಬಾರಾಕಮಾನ್. ಒಂದು ಖಾನಾವಳಿಯಲ್ಲಿ ರೊಟ್ಟಿ ಊಟ. ಟೈಮ್ ಇದ್ದರೆ ಆಲಮಟ್ಟಿ ಗಾರ್ಡನ್ನು, ಸಂಗೀತ ಕಾರಂಜಿ. ರಾತ್ರಿ ವಾಪಸ್ ಬಸ್. ಒಟ್ಟು ಖರ್ಚಿನಲ್ಲಿ ಟಿಕೆಟ್, ಲಾಡ್ಜು, ಆಟೋ, ಹೋಟೆಲ್ ಎಲ್ಲ ಕಳೆದ ಮೇಲೆ ಜಿಲ್ಲೆಯ ಒಂದು ಹಳ್ಳಿಮನೆಗೆ ಎಷ್ಟು ಹೋಯಿತು? ಲೆಕ್ಕ ಹಾಕಿ ನೋಡಿ. ಬಹುತೇಕ ಸೊನ್ನೆ.

ಇದರಲ್ಲಿ ನಿಮ್ಮ ತಪ್ಪೇನಿಲ್ಲ. ಹಳ್ಳಿಗೆ ಹೋಗೋಣ ಅಂದರೂ ಎಲ್ಲಿಗೆ ಹೋಗಬೇಕು, ಯಾರ ಮನೆಯಲ್ಲಿ ಇರಬೇಕು ಅಂತ ಹೇಳುವವರಿಲ್ಲ. ಆದರೆ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಒಂದು ಸಾಧಾರಣ ರೈತರ ಮನೆಯವರು ಪ್ರವಾಸಿಗರಿಗೆ ಬಾಗಿಲು ತೆರೆಯಬೇಕು ಅಂದರೆ ಅವರಿಗೆ ಏನು ಬೇಕು? ದುಡ್ಡು ಒಂದೇ ಸಾಕಾ?

ನಾನು ಇದೇ ಸೀಮೆಯವನು. ಬೆಂಗಳೂರಲ್ಲಿ ಕೋಡ್ ಬರೆದು ಬದುಕೋನು. ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಹೋದಾಗ ಕಟ್ಟೆ ಮೇಲೆ, ಹೊಲದ ಬದುವಿನ ಮೇಲೆ ಈ ಮಾತು ತೆಗೆದು ನೋಡಿದ್ದೇನೆ. ಸಿಕ್ಕ ಉತ್ತರಗಳು ನಾವು ಲ್ಯಾಪ್‌ಟಾಪ್ ಮುಂದೆ ಕೂತು ಊಹಿಸುವ ಹಾಗಿಲ್ಲ.

ನೋಡೋಕೆ ಏನಿದೆ ಅಲ್ಲಿ?

ಇದೆ, ಬೇಕಾದಷ್ಟು. ವಿಜಯಪುರದಿಂದ ಸುಮಾರು 45 ಕಿ.ಮೀ. ದೂರದ ಬಸವನ ಬಾಗೇವಾಡಿ ಬಸವಣ್ಣನವರ ಊರು. ಪಕ್ಕದ ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿದ ಶಿಲಾಮಂಟಪವಿದೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಈ ಊರಿನ ಹೆಸರು ಮತ್ತಷ್ಟು ಕೇಳಿಬರುತ್ತಿದೆ.

ಮುದ್ದೇಬಿಹಾಳ ತಾಲ್ಲೂಕಿನ ರಕ್ಕಸಗಿ, ತಂಗಡಗಿ ಅನ್ನುವ ಎರಡು ಹಳ್ಳಿಗಳ ಹೆಸರು ಶಾಲೆಯ ಇತಿಹಾಸದ ಪುಸ್ತಕದಲ್ಲಿ ನೀವೂ ಓದಿದ್ದೀರಿ. 1565ರ ಜನವರಿಯಲ್ಲಿ ವಿಜಯನಗರದ ಹಣೆಬರಹ ಬದಲಾಯಿಸಿದ ರಕ್ಕಸ-ತಂಗಡಿ ಯುದ್ಧ ಅದೇ. ತಂಗಡಗಿಯ ಕೃಷ್ಣೆಯ ದಂಡೆಯಲ್ಲಿ ನೀಲಾಂಬಿಕೆಯ ಐಕ್ಯಸ್ಥಳವೂ ಇದೆ.

ಇಂಡಿ ಅಂದರೆ ಲಿಂಬೆ. ಜಿಐ ಟ್ಯಾಗ್ ಪಡೆದ ಇಂಡಿ ಲಿಂಬೆ ಈಗ ವಿದೇಶಕ್ಕೂ ಹೋಗುತ್ತಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಹಳೆಯ ಇಂಡಿ ತಾಲ್ಲೂಕಿನ ಹಲಸಂಗಿ ಮಧುರಚೆನ್ನರ ಊರು. ಅವರೂ ಅವರ ಗೆಳೆಯರೂ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳಿಂದಲೇ ‘ಗರತಿಯ ಹಾಡು’ ಸಂಕಲನ ಬಂದದ್ದು. ಸಿಂದಗಿ ಕಡೆ ಭೀಮಾ ನದಿಯ ದಂಡೆ, ಹಿಂಗಾರಿ ಜೋಳದ ಎರಿಹೊಲ. ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿಯೂ ಮೊದಲು ಇದೇ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು.

ಅಂದರೆ ಸರಕಿಗೆ ಕೊರತೆ ಇಲ್ಲ. ಇಲ್ಲದ್ದು ಅಂಗಡಿ.

ರೊಕ್ಕ ಬೇಕು, ಆದರೆ ಎಂಥ ರೊಕ್ಕ?

ನಾವು ‘ಆದಾಯ’ ಅಂದಾಗ ತಿಂಗಳ ಕೊನೆಗೆ ಬರುವ ಸಂಬಳ ನೆನಪಾಗುತ್ತೆ. ಒಣಬೇಸಾಯದ ಮನೆಯಲ್ಲಿ ಆದಾಯ ಅಂದರೆ ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಮಳೆ ಮನಸ್ಸು ಮಾಡಿದರೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅಂತ ನಮ್ಮ ಕಡೆ ಗಾದೆ. ಡೋಣಿ ಸಾಲಿನ ಹೊಲ ಬೆಳೆಯದಿದ್ದರೆ ಏನು ಅಂತ ಗಾದೆ ಹೇಳೋದಿಲ್ಲ, ಎಲ್ಲರಿಗೂ ಗೊತ್ತು: ಗುಳೆ. ಪುಣೆ, ಮುಂಬೈ, ಗೋವಾ, ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಗಂಟುಮೂಟೆ ಕಟ್ಟೋದು.

ಲಿಂಬೆಯ ಕಥೆಯೂ ಹೀಗೇ. ಬೇಸಿಗೆಯಲ್ಲಿ ಒಂದು ಹಣ್ಣಿಗೆ ನೀವು ಬೆಂಗಳೂರಲ್ಲಿ ಕೊಡುವ ರೇಟು ಕೇಳಿದರೆ ರೈತ ಕೋಟ್ಯಧೀಶ ಅನ್ನಿಸುತ್ತೆ. ಮಳೆಗಾಲದಲ್ಲಿ ಕೊಯ್ದ ಕೂಲಿಯೂ ಹುಟ್ಟುವುದಿಲ್ಲ.

ಇಂಥ ಮನೆಗೆ ಪ್ರವಾಸಿಗರಿಂದ ಬರುವ ದುಡ್ಡು ದೊಡ್ಡದಾಗಿರಬೇಕು ಅಂತೇನಿಲ್ಲ. ಬೆಳೆಗೂ ಮಳೆಗೂ ಸಂಬಂಧವಿಲ್ಲದ ದುಡ್ಡಾಗಿದ್ದರೆ ಸಾಕು. ನಮ್ಮ ಸಂಬಂಧಿಯೊಬ್ಬರು ಹೇಳಿದ್ದು ಇಷ್ಟೇ: “ಹತ್ತ ಸಾವಿರ ಒಮ್ಮೆ ಬರೂದಕ್ಕಿಂತ ಸಾವಿರ ಹತ್ತ ಸಲ ಬಂದ್ರ ಸಾಲ ಮಾಡೂದು ತಪ್ಪತೈತಿ.” ಷೇರು ಮಾರುಕಟ್ಟೆಯಲ್ಲಿ ನಾವು ಇದನ್ನೇ ರಿಸ್ಕ್ ಹಂಚುವುದು ಅಂತೀವಿ. ಅವರು ಅದಕ್ಕೆ ಹೆಸರಿಡದೆ ಬದುಕುತ್ತಿದ್ದಾರೆ: ಎರಡು ಎಮ್ಮೆ, ನಾಲ್ಕು ಆಡು, ಒಂದು ಹೊಲಿಗೆ ಮಷಿನ್ನು. ಪ್ರವಾಸೋದ್ಯಮ ಆ ಪಟ್ಟಿಗೆ ಇನ್ನೊಂದು ಎಮ್ಮೆಯ ಹಾಗೆ ಸೇರಬೇಕು. ಹೊಲ ಬಿಟ್ಟು ಇದನ್ನೇ ಮಾಡಿ ಅಂದರೆ ಯಾರೂ ಬರುವುದಿಲ್ಲ, ಬರಬಾರದು ಕೂಡ.

ಸೀತನಿಗೆ ಬೆಲೆ ಕಟ್ಟುವುದು

ಎಳ್ಳಮಾವಾಸ್ಯೆಗೆ ಒಮ್ಮೆ ಆಫೀಸಿನ ಐದು ಜನ ಗೆಳೆಯರನ್ನು ಸಿಂದಗಿ ಕಡೆಯ ನಮ್ಮ ದೊಡ್ಡವ್ವನ ಮನೆಗೆ ಕರೆದುಕೊಂಡು ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲಿ, ಎಲ್ಲ ಕಾಳು ಕಾಯಿಪಲ್ಲೆ ಸೇರಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ ಉಂಡರು. ಹೊರಡುವಾಗ ಒಬ್ಬ ಸಂಕೋಚದಿಂದಲೇ ಐನೂರರ ಎರಡು ನೋಟು ಮುಂದೆ ಹಿಡಿದ. ದೊಡ್ಡವ್ವನ ಮುಖ ಸಣ್ಣದಾಯಿತು. “ಉಣ್ಣಾಕ ನೀಡಿ ರೊಕ್ಕ ತಗೊಂಡ್ರ ಮಂದಿ ಏನಂದಾರು? ತಗಿ, ಒಳಗಿಡು.”

ಐದು ನಿಮಿಷದ ನಂತರ ಅದೇ ಗೆಳೆಯ ಐವತ್ತು ಕಟಕ ರೊಟ್ಟಿ, ಎರಡು ಕೆಜಿ ಶೇಂಗಾ ಹಿಂಡಿ ಬೇಕು ಅಂದ. ದೊಡ್ಡವ್ವ ಪೈಸೆ ಬಿಡದೆ ಲೆಕ್ಕ ಮಾಡಿ ರೊಕ್ಕ ಎಣಿಸಿಕೊಂಡಳು. ಮುಖದಲ್ಲಿ ಯಾವ ಸಂಕೋಚವೂ ಇರಲಿಲ್ಲ.

ನನಗೆ ಇಡೀ ವಿಷಯ ಅರ್ಥವಾಗಿದ್ದು ಅಲ್ಲಿ. ಅವಳಿಗೆ ಊಟ ದಾಸೋಹ, ರೊಟ್ಟಿ ಕಾಯಕ. ಕಾಯಕಕ್ಕೆ ಕೂಲಿ ತಗೊಳ್ಳೋದು ಹಕ್ಕು. ದಾಸೋಹಕ್ಕೆ ತಗೊಂಡರೆ ಅವಮಾನ. ಬಸವಣ್ಣ ಹುಟ್ಟಿದ ಸೀಮೆಯಲ್ಲಿ ಈ ಗೆರೆ ಅಡುಗೆಮನೆಯ ತನಕ ಬಂದಿದೆ. ‘ಹೋಮ್‌ಸ್ಟೇ ಮಾಡಿ, ತಲೆಗೆ ಇಷ್ಟು ಅಂತ ವಸೂಲಿ ಮಾಡಿ’ ಅಂತ ಹೇಳುವ ಯೋಜನೆ ಈ ಗೆರೆ ನೋಡದಿದ್ದರೆ ಮೊದಲ ದಿನವೇ ಸೋಲುತ್ತೆ.

ಭೀಮಾ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಚಿತ್ರ ಬೇರೆ. ಎಳೆಯ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ ತಿನ್ನುವ ಸೀತನಿ ಅಲ್ಲಿ ‘ಹುರಡಾ’. ಚಳಿಗಾಲದಲ್ಲಿ ಪುಣೆ, ಸೊಲ್ಲಾಪುರದ ಸುತ್ತ ಹುರಡಾ ಪಾರ್ಟಿ ಅಂತ ತಲೆಗಿಷ್ಟು ಪಡೆದು ನಡೆಸುತ್ತಾರೆ. ಎತ್ತಿನಗಾಡಿ ಸವಾರಿ, ಊಟ, ಮಕ್ಕಳಿಗೆ ಆಟ ಎಲ್ಲ ಸೇರಿ. ಬಾರಾಮತಿ ಸುತ್ತ 2005ರ ಹೊತ್ತಿಗೆ ಶುರುವಾದ ಕೃಷಿ ಪ್ರವಾಸೋದ್ಯಮಕ್ಕೆ 2020ರಲ್ಲಿ ಆ ರಾಜ್ಯ ಪ್ರತ್ಯೇಕ ನೀತಿಯನ್ನೇ ತಂದಿತು. ಅದೇ ಜೋಳ, ಅಂಥದೇ ಮಣ್ಣು. ಈಚೆ ದಂಡೆಯಲ್ಲಿ ನಾವು ಪುಕ್ಕಟೆ ತಿನ್ನಿಸಿ ಕಳಿಸ್ತೀವಿ.

ಯಾವುದು ಸರಿ? ಎರಡೂ ಸರಿ ಅಂತಲೇ ನನ್ನ ಅನಿಸಿಕೆ. ಆಚೆಯವರು ದುಡ್ಡು ತಗೊಳ್ಳೋದು ತೆನೆಗಲ್ಲ, ಆ ದಿನದ ದುಡಿಮೆಗೆ. ನಮ್ಮ ಕಡೆಯೂ ಮನೆಯ ಪಡಸಾಲೆಗಿಂತ ಹೊಲ, ತೋಟ, ರೊಟ್ಟಿ, ಚಟ್ನಿ, ಬಂಡಿ, ಊರು ತೋರಿಸುವ ಕೆಲಸ ಇವಕ್ಕೆ ಬೆಲೆ ಕಟ್ಟಿದರೆ ದೊಡ್ಡವ್ವನ ಮುಖ ಸಣ್ಣದಾಗುವುದಿಲ್ಲ.

ಯಾರ ಕೈಗೆ ರೊಕ್ಕ?

ಒಂದು ‘ಮನೆ’ ಒಪ್ಪಿತು ಅಂತೀವಲ್ಲ, ಮನೆ ಅಂದರೆ ಯಾರು? ಜೋಳ ಮಾರಿದ ದುಡ್ಡು ಗಂಡಸರ ಕಿಸೆಗೆ ಹೋಗುತ್ತೆ. ರೊಟ್ಟಿ ಮಾರಿದ ದುಡ್ಡು ಹೆಂಗಸರ ಡಬ್ಬಿಗೆ. ನಮ್ಮ ಭಾಗದಲ್ಲಿ ಸ್ವಸಹಾಯ ಸಂಘದ ಹೆಂಗಸರು ಕಟಕ ರೊಟ್ಟಿ ಬಡಿದು ಬೆಂಗಳೂರಿಗೆ ಪಾರ್ಸೆಲ್ ಹಾಕುವುದು ಹೊಸದೇನಲ್ಲ. ಹಾಗಾಗಿ ಈ ಕೆಲಸಕ್ಕೆ ಮೊದಲು ಹೂಂ ಅನ್ನೋದು ಸಾಮಾನ್ಯವಾಗಿ ಮನೆಯೊಡತಿ. ಆದರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೀರು, ದನ, ಅಡುಗೆ ಮುಗಿಸಿ ಹೊಲಕ್ಕೆ ಹೋಗುವವಳ ಮೇಲೆ ಆರು ಜನ ಅತಿಥಿಗಳ ಹೊರೆಯೂ ಬಿದ್ದು, ರೊಕ್ಕ ಮಾತ್ರ ಗಂಡನ ಫೋನ್‌ಪೇಗೆ ಹೋದರೆ ಆಕೆ ಎರಡನೇ ಸಲ ಹೂಂ ಅನ್ನುವುದಿಲ್ಲ.

ಎರಡನೆಯ ಒತ್ತಾಸೆ ಮಗ. ಪುಣೆಯಲ್ಲಿ ಡ್ರೈವರ್ ಆಗಿರುವ, ಡಿಗ್ರಿ ಮುಗಿಸಿ ಡೆಲಿವರಿ ಮಾಡುತ್ತಿರುವ ಮಗ. ಹಿಂದಿ, ಮರಾಠಿ, ಒಂದಿಷ್ಟು ಇಂಗ್ಲಿಷ್ ಬರುತ್ತೆ, ಫೋನಲ್ಲಿ ಬುಕಿಂಗ್ ತಗೊಳ್ಳೋಕೆ ಬರುತ್ತೆ. ‘ಇವ ಊರಾಗ ಉಳದಾನು’ ಅನ್ನುವ ಆಸೆ ತಾಯಿ-ತಂದೆಗೆ ದುಡ್ಡಿಗಿಂತ ದೊಡ್ಡದು.

ಮೂರನೆಯದು ಅಭಿಮಾನ. ಹೊರಗಿನವರು ಬಂದು ನಮ್ಮೂರ ಕಲ್ಲನ್ನು ಕಣ್ಣರಳಿಸಿ ನೋಡಿದರೆ ನಮಗೂ ಅದು ಬರೀ ಕಲ್ಲಲ್ಲ ಅನ್ನಿಸುತ್ತೆ. ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ಇದಕ್ಕೆ ಒಳ್ಳೆ ಉದಾಹರಣೆ. ರಾಷ್ಟ್ರಕೂಟರ 3ನೇ ಕೃಷ್ಣನ ಕಾಲ, ಕ್ರಿ.ಶ. 945. ಬೇರೆ ಬೇರೆ ನಾಡುಗಳಿಂದ ಓದಲು ಬಂದ ವಿದ್ಯಾರ್ಥಿಗಳಿಗೆ ಅಲ್ಲೊಂದು ಶಾಲೆ, ಇರೋಕೆ 27 ನಿವೇಶನ. ಅದನ್ನು ನಡೆಸಲು ಊರಿನ ಮದುವೆ, ಮುಂಜಿ, ಚೌಲಗಳಲ್ಲಿ ಪ್ರತಿ ಮನೆಯವರೂ ಇಂತಿಷ್ಟು ಕಾಣಿಕೆ ಕೊಡಬೇಕು ಅಂತ ಕಟ್ಟಳೆ. ಪರಊರಿನವರನ್ನು ಇಟ್ಟುಕೊಳ್ಳುವ ಹೊಣೆಯನ್ನು ಒಂದು ಊರು ಸಾವಿರ ವರ್ಷದ ಹಿಂದೆಯೇ ಮನೆಮನೆಗೆ ಹಂಚಿಕೊಂಡಿತ್ತು! ಸಾಲೋಟಗಿ ದಾಟಿ ಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಹಾಗಾದರೆ ಯಾಕೆ ಮುಂದೆ ಬರ್ತಿಲ್ಲ?

ಸಣ್ಣ ಕಾರಣಗಳು ಎಲ್ಲರಿಗೂ ಗೊತ್ತು: ಶೌಚಾಲಯ, ನೀರು, ಸಂಜೆಯ ಮೇಲೆ ಬಸ್ ಇಲ್ಲದಿರುವುದು. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಊರಿನ ನಾಯಿಯೂ ಹೊರಗೆ ಬರುವುದಿಲ್ಲ. ಸೀಸನ್ ಅಂದರೆ ನವೆಂಬರ್‌ನಿಂದ ಫೆಬ್ರುವರಿ ಅಷ್ಟೇ.

ದೊಡ್ಡ ಕಾರಣ ನಂಬಿಕೆ. ಆಲಮಟ್ಟಿ ನೋಡಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು, 2006ರಲ್ಲಿ ರಾಷ್ಟ್ರಪತಿ ಕಲಾಂ ಲೋಕಾರ್ಪಣೆ ಮಾಡಿದರು. ನಡುವಿನ ನಾಲ್ಕು ದಶಕದಲ್ಲಿ ಹೊಲ, ಮನೆ, ಗುಡಿ ಮುಳುಗಿ ಪುನರ್ವಸತಿ ಕೇಂದ್ರ ಸೇರಿದ ಕುಟುಂಬಗಳು ಅದೆಷ್ಟೋ. ಇವತ್ತು ಅಲ್ಲಿ ಸುಂದರವಾದ ಗಾರ್ಡನ್ ಇದೆ. ಭೂಮಿ ಕೊಟ್ಟವರಿಗೆ ಸಿಕ್ಕಿರೋದು ಹೆಚ್ಚೆಂದರೆ ಗೇಟಿನ ಹೊರಗೆ ಒಂದು ತಳ್ಳುಗಾಡಿಯ ಜಾಗ. ಒಮ್ಮೆ ಹೀಗಾದ ಸೀಮೆಯಲ್ಲಿ ‘ಪ್ರವಾಸೋದ್ಯಮ ಅಭಿವೃದ್ಧಿ’ ಅಂದರೆ ಜನ ಮೊದಲು ಕೇಳೋದು, “ಈ ಸಲ ಯಾರ ಹೊಲ ಹೊಕ್ಕತೈತಿ?”

ಇನ್ನೊಂದು ಕಾರಣ ನಾವು ಜೋರಾಗಿ ಹೇಳದೇ ಇರುವಂಥದ್ದು. ಹೋಮ್‌ಸ್ಟೇ ಅಂದರೆ ಎರಡು ಖಾಲಿ ಕೋಣೆ ಇರುವ ಮನೆ. ಹಳ್ಳಿಯಲ್ಲಿ ಅಂಥ ಮನೆ ಯಾರದ್ದು? ಗೌಡರದ್ದು, ದೇಸಾಯರದ್ದು, ನೀರಾವರಿ ಹೊಲ ಇದ್ದವರದ್ದು. ಕೇರಿಯ ಮನೆಗೆ, ತಾಂಡಾದ ಮನೆಗೆ ಅತಿಥಿ ಬರುತ್ತಾನಾ? ಬಂದರೆ ಉಣ್ಣುತ್ತಾನಾ? ಜಾತಿಯನ್ನೇ ಪ್ರಶ್ನಿಸಿದ ಶರಣರ ಹೆಸರಲ್ಲಿ ಪ್ರವಾಸ ಮಾಡಿಸಿ, ರೊಕ್ಕ ಮಾತ್ರ ನಾಲ್ಕು ದೊಡ್ಡ ಮನೆಗಳಲ್ಲಿ ನಿಂತರೆ ಅದು ನಗೆಪಾಟಲು.

ಕೋಣೆ ಇಲ್ಲದವರಿಗೂ ಪಾಲು

ದಾರಿ ಇದೆ. ಕೇರಳದ ಕುಮರಕಂನಲ್ಲಿ 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮ ಅಂತ ಶುರುಮಾಡಿದಾಗ ಹೋಮ್‌ಸ್ಟೇಗಿಂತ ಮೊದಲು ಮಾಡಿದ ಕೆಲಸ ರೆಸಾರ್ಟುಗಳ ಅಡುಗೆಮನೆಗೆ ಊರಿನ ಹೆಂಗಸರು ತರಕಾರಿ ಮಾರುವ ವ್ಯವಸ್ಥೆ. ಆಮೇಲೆ ನೇಕಾರರು, ಮೀನುಗಾರರು, ಹಗ್ಗ ಹೊಸೆಯುವವರ ಮನೆ ತೋರಿಸುವ ನಡಿಗೆ. ಅತಿಥಿ ಎಲ್ಲೇ ಮಲಗಲಿ, ಪಾಲು ಹತ್ತು ಮನೆಗೆ. ನಮ್ಮದೇ ಆನೆಗೊಂದಿಯಲ್ಲಿ ಬಾಳೆನಾರಿನ ಕೈಕೆಲಸದಿಂದ ಹೆಂಗಸರು ಹಂಪಿಯ ಪ್ರವಾಸಿಗರ ದುಡ್ಡಿನಲ್ಲಿ ಪಾಲು ಪಡೆದರು.

ನಮ್ಮ ತಾಲ್ಲೂಕುಗಳಿಗೆ ಇದನ್ನು ಅನ್ವಯಿಸಿ ನೋಡಿ. ವಿಜಯಪುರದ ಹೋಟೆಲುಗಳಿಗೆ ಇಂಡಿಯ ಲಿಂಬೆ ಉಪ್ಪಿನಕಾಯಿ. ತಾಂಡಾದವರಿಗೆ ಲಂಬಾಣಿ ಕಸೂತಿ. ಸಂಡೂರಿನ ಕಸೂತಿಗೆ ಜಿಐ ಟ್ಯಾಗೇ ಸಿಕ್ಕಿದೆ. ರಕ್ಕಸಗಿ-ತಂಗಡಗಿ ತೋರಿಸಲು ಊರಿನದೇ ಇಬ್ಬರು ಪದವೀಧರರು. ಕೋಣೆ ಇದ್ದವರಿಗೆ ಸಾಲ ಬೇಕಾದರೆ, 2025-26ರ ಕೇಂದ್ರ ಬಜೆಟ್ ಹೋಮ್‌ಸ್ಟೇಗಳಿಗೆ ಮುದ್ರಾ ಸಾಲ ಘೋಷಿಸಿದೆ. ಅದಕ್ಕೂ ಮೊದಲು ಊರವರೇ ಕೂತು ಒಂದು ನಿಯಮ ಮಾಡಿಕೊಳ್ಳಬೇಕು: ಅತಿಥಿಗಳು ಸರದಿ ಪ್ರಕಾರ ಮನೆಗಳಿಗೆ, ಒಂದೇ ರೇಟು, ರೊಕ್ಕ ದುಡಿದವರ ಖಾತೆಗೆ.

ನೀವು ಹೋಗುವುದಾದರೆ

• ಡಿಸೆಂಬರ್-ಜನವರಿಯಲ್ಲಿ ಹೋಗಿ. ಎಳ್ಳಮಾವಾಸ್ಯೆ, ಸೀತನಿ, ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಎಲ್ಲ ಆಗಲೇ.

• ಎರಡು ದಿನ ಇಡಿ. ಒಂದು ದಿನ ವಿಜಯಪುರ. ಇನ್ನೊಂದು ದಿನ ಬಾಗೇವಾಡಿ, ಇಂಗಳೇಶ್ವರ, ತಂಗಡಗಿ ಒಂದೇ ಸುತ್ತು.

• ಆಫೀಸಿನಲ್ಲಿ ಈ ಕಡೆಯ ಸಹೋದ್ಯೋಗಿ ಇದ್ದೇ ಇರುತ್ತಾರೆ. ಅವರ ಮೂಲಕ ಹೋಗಿ, ಎರಡು ದಿನ ಮೊದಲೇ ಹೇಳಿ.

• ಊಟಕ್ಕೆ ರೊಕ್ಕ ಕೊಡಲು ಹೋಗಿ ಮುಜುಗರ ಮಾಡಬೇಡಿ. ರೊಟ್ಟಿ, ಹಿಂಡಿ, ಲಿಂಬೆ, ಜೋಳ ಕೊಳ್ಳಿ. ಚೌಕಾಸಿ ಬೇಡ. ದುಡ್ಡನ್ನು ರೊಟ್ಟಿ ಬಡಿದವರ ಕೈಗೇ ಕೊಡಿ.

• ಕೇಳದೆ ಫೋಟೊ ತೆಗೆಯಬೇಡಿ, ರೀಲ್ ಹಾಕುವ ಮೊದಲಂತೂ ಕೇಳಲೇಬೇಕು.

• ಕೇರಿಯಲ್ಲಿ, ತಾಂಡಾದಲ್ಲಿ ಚಹಾಕ್ಕೆ ಕರೆದರೆ ಹೋಗಿ, ಕುಡಿಯಿರಿ. ಊರು ನೋಡುತ್ತಿರುತ್ತದೆ. ಮುಂದಿನ ಅತಿಥಿ ಯಾವ ಮನೆಗೆ ಹೋಗಬಹುದು ಅನ್ನೋದು ನೀವು ಕುಡಿದ ಆ ಒಂದು ಕಪ್ಪಿನಿಂದಲೂ ತೀರ್ಮಾನ ಆಗುತ್ತೆ.